ಸಿ.ಎಸ್.ಟಿ. ರಸ್ತೆಯಿಂದ ಲ್ಯಾಮಿಂಗ್ಟನ್ ರೋಡಿಗೆ: ಒಂದು ಸದ್ದಿನ ಜಾಡು

ಮುಂಬಯಿಯ ಕಲೀನಾದಿಂದ ಕುರ್ಲಾದ ಕಡೆಗೆ ಹೋಗುವ ದಾರಿಗೆ ಸಿ.ಎಸ್.ಟಿ. ರಸ್ತೆ ಎಂದು ಹೆಸರು. ಛತ್ರಪತಿ ಶಿವಾಜಿ ಟರ್ಮಿನಸ್ಸಿಗೆ ಹೋಗುವ ರಸ್ತೆ ಇದೇ ಇರಬೇಕೆಂದು ಹೊಸಬರು ಅಂದುಕೊಳ್ಳುತ್ತಾರೆ. ಆ ನಿಲ್ದಾಣ ಇರುವುದು ದೂರದ ಬೋರಿಬಂದರಿನಲ್ಲಿ. ಅದಕ್ಕೆ ಸಿ.ಎಸ್.ಟಿ. ಎಂಬ ಹೆಸರು ಬಂದದ್ದೇ 1996ರಲ್ಲಿ. ಈ ರಸ್ತೆಯ ಮೂರಕ್ಷರ ಅದಕ್ಕಿಂತ ಹಳೆಯದು: ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ. ಟ್ರಾಂಬೆಯಿಂದ ಕುರ್ಲಾದ ಮೂಲಕ ಅಂಧೇರಿಗೆ ಹೋಗುತ್ತಿದ್ದ ಸುಮಾರು 13 ಕಿಲೋಮೀಟರಿನ ರೈಲುದಾರಿ ಅದು. 1928ರಲ್ಲಿ ಶುರುವಾಗಿ 1934ರಲ್ಲಿ ಮುಚ್ಚಿಹೋಯಿತು. ಬರೀ ಆರು ವರ್ಷ ಬಾಳಿದ ಹಳಿಯ ಹೆಸರು ತೊಂಬತ್ತು ವರ್ಷ ಕಳೆದರೂ ಅಂಗಡಿಗಳ ಬೋರ್ಡಿನ ಮೇಲೆ ಉಳಿದುಕೊಂಡಿದೆ.

ಹೊರನಾಡ ಕನ್ನಡಿಗರಿಗೆ ಈ ದಾರಿ ಅಪರಿಚಿತವಲ್ಲ. ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿ ಆವರಣ ಇರುವುದು ಇದೇ ಆಸುಪಾಸಿನಲ್ಲಿ, ನಮ್ಮ ಕನ್ನಡ ವಿಭಾಗ ಇರುವುದು ಆ ಆವರಣದಲ್ಲಿ. ಪುಸ್ತಕ ಬಿಡುಗಡೆ, ವಿಚಾರ ಸಂಕಿರಣ ಎಂದು ನಾವೆಲ್ಲ ಅಲ್ಲಿಗೆ ಹೋದವರೇ. ಆದರೆ ಗೇಟು ದಾಟಿ ಕುರ್ಲಾದ ಕಡೆಗೆ ನಡೆದವರು ಕಡಿಮೆ. ಅತ್ತ ನಡೆದರೆ ಇನ್ನೊಂದು ವಿದ್ಯಾಲಯ ತೆರೆದುಕೊಳ್ಳುತ್ತದೆ. ಸಾಲುಸಾಲು ಬಾಗಿಲು, ಬಾನೆಟ್ಟು, ಬಂಪರು, ಹಗ್ಗಕ್ಕೆ ಒಣಮೀನಿನ ಹಾಗೆ ತೂಗುಹಾಕಿದ ಸೈಡ್ ಮಿರರುಗಳು, ಗೋಡೆಗೊರಗಿಸಿದ ಗಾಜುಗಳು, ಸೀಟಿನ ಬಟ್ಟೆ ಹೊಲಿಯುವ ಮಿಷಿನ್ನಿನ ಸದ್ದು. ಮುಂದೆ ಮೀಠಿ ನದಿಯ ಸೇತುವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಇದೇ ನದಿ ಎದ್ದು ಬಂದು ಕಲೀನಾ, ಕುರ್ಲಾಗಳನ್ನು ಮುಳುಗಿಸಿತ್ತು. ಸೇತುವೆಯ ಹತ್ತಿರದಲ್ಲೇ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳು. ಅಲ್ಲಿ ಹೊಳೆಯುವ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಒಳಗುಟ್ಟು ಗೊತ್ತಿರುವುದು ಇಲ್ಲಿಯವರಿಗೆ.

ನಾನು ಅಲ್ಲಿಗೆ ಹೋದದ್ದು ಒಂದು ಸದ್ದಿನ ಬೆನ್ನುಹತ್ತಿ.

ನಮ್ಮದು ಹತ್ತು ವರ್ಷ ಹಳೆಯ ಸೆಡಾನ್ ಕಾರು. ಹಿಂದಿನ ಸೀಟಿನ ತಲೆಯ ಹಿಂಭಾಗದಲ್ಲಿ, ಗಾಜಿನ ಕೆಳಗೆ ಒಂದು ಹಲಗೆಯಂತಹ ಜಾಗ ಇರುತ್ತದಲ್ಲ, ಅದರ ನಡುವೆ ಕಂಪನಿಯಿಂದಲೇ ಕೂರಿಸಿಕೊಟ್ಟ ಎಂಟು ಇಂಚಿನ ಸಬ್‌ವೂಫರ್ ಇದೆ. ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್ ಅದು. ಒಂದು ವರ್ಷದಿಂದ ಅದು ಗೊರಗೊರ ಅನ್ನಲು ಶುರುಮಾಡಿತ್ತು. ನನಗೆ, ನನ್ನ ಹೆಂಡತಿಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ವಾಲ್ಯೂಮ್ ಇಳಿಸಿದರೆ ಮುಗಿಯಿತು. ಆದರೆ ಹಿಂದಿನ ಸೀಟಿನಲ್ಲಿ, ಆ ಸ್ಪೀಕರಿಗೆ ತಲೆಯೊರಗಿಸಿದಂತೆ ಕೂರುವವರು ನಮ್ಮ ಅಪ್ಪಯ್ಯ.

ಅಪ್ಪಯ್ಯನಿಗೆ ಈಗ ಎಪ್ಪತ್ತೆಂಟು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಸ, ಶ, ಫ ಮುಂತಾದ ಅಕ್ಷರಗಳು ಅಲ್ಲೇ ಇರುವುದರಿಂದ, ಮಾತು ಕೇಳಿಸಿದರೂ ಏನು ಹೇಳಿದರೆಂದು ತಿಳಿಯುವುದಿಲ್ಲ. ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದೇವೆ. ಅದು ಹೆಚ್ಚಾಗಿ ಪೆಟ್ಟಿಗೆಯಲ್ಲೇ ವಿಶ್ರಾಂತಿ ಪಡೆಯುತ್ತದೆ. ಮನೆಯಲ್ಲಿ ಟಿ.ವಿ. ಮುಂದೆ ಅವರು ಕೂರುವುದು ಕಡಿಮೆಯಾಯಿತು, ಫೋನಿನಲ್ಲಿ ಊರಿನವರೊಡನೆ ಮಾತಾಡುವುದು ಕಡಿಮೆಯಾಯಿತು. ಆದರೆ ತಗ್ಗು ಸ್ವರಗಳು ಅವರಿಗೆ ಇನ್ನೂ ಚೆನ್ನಾಗಿ ಕೇಳಿಸುತ್ತವೆ. ಭಜನಾ ಮಂಡಳಿಯಲ್ಲಿ ನಲವತ್ತು ವರ್ಷ ಮೃದಂಗ ಬಾರಿಸಿದ ಕೈ ಅವರದ್ದು. ಕಾರಿನಲ್ಲಿ ಕಚೇರಿಯ ಧ್ವನಿಮುದ್ರಣ ಹಾಕಿದರೆ ಪಿಟೀಲು ತೆಳುವಾಗುತ್ತದೆ, ಸಾಹಿತ್ಯ ಮಸುಕಾಗುತ್ತದೆ, ಆದರೆ ಮೃದಂಗದ ಎಡಭಾಗದ ಗುಮ್ಕಿ ಬೆನ್ನಿಗೇ ಬಂದು ತಾಗುತ್ತದೆ. ಅಷ್ಟು ಹೊತ್ತು ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿರುತ್ತದೆ.

ಗೊರಗೊರ ಶುರುವಾದ ಮೇಲೆ ಒಂದು ದಿನ ಅವರೇ ಹೇಳಿದರು: "ಇದ್ ಎಂತ ಮಾರಾಯಾ, ಮೃದಂಗಕ್ಕೆ ತಗಡ್ ಕಟ್ಟಿದ್ ಹಾಂಗ್ ಕೇಂತ್ತ್. ಹಾಕ್ಬೇಡ, ಬಿಡ್." ಆಮೇಲೆ ಕಾರಿನಲ್ಲೂ ಅವರು ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕೂರತೊಡಗಿದರು. ವರ್ಷಕ್ಕೊಮ್ಮೆ ಕುಂದಾಪುರಕ್ಕೆ ಹೋಗುವ ದಾರಿ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರು. ಅಷ್ಟು ದೂರ ಅವರನ್ನು ಹಾಗೆ ಕೂರಿಸಿಕೊಂಡು ಹೋಗುವುದು ನನ್ನಿಂದಾಗದ ಕೆಲಸವಾಗಿತ್ತು.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಉತ್ತರ ಸಿದ್ಧವಾಗಿತ್ತು. ಸ್ಪೀಕರ್ ರಿಪೇರಿ ಮಾಡುವುದಿಲ್ಲ, ಇಡೀ ಸೆಟ್ ಬದಲಾಯಿಸಬೇಕು, ಕೂಲಿ ಸೇರಿ ₹28,000, ಮಾಲು ಬರಲು ತಿಂಗಳಾಗಬಹುದು. ಸದ್ದು ಎಲ್ಲಿಂದ ಬರುತ್ತಿದೆ ಎಂದು ಅಲ್ಲಿ ಯಾರೂ ಡಿಕ್ಕಿ ತೆರೆದು ನೋಡಲಿಲ್ಲ.

ಕೈಯಿಂದ ಕೇಳುವ ಹುಡುಗ

ಸಿ.ಎಸ್.ಟಿ. ರಸ್ತೆಯಲ್ಲಿ ನನಗೆ ಸಿಕ್ಕ ಹುಡುಗನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಉತ್ತರ ಪ್ರದೇಶದವನು. ಅಂಗಡಿ ಅಂದರೆ ಆರಡಿ ಅಗಲದ ಗೂಡು, ಕೆಲಸವೆಲ್ಲ ರಸ್ತೆಯ ಬದಿಯಲ್ಲೇ. "ಆವಾಜ್ ಸುನಾವೋ, ಸಾಬ್" ಅಂದ. ನಾನು ಹಾಡು ಹಾಕಲು ಹೋದರೆ ತಡೆದ. ಹಾಡಿನಲ್ಲಿ ಹತ್ತು ಸದ್ದು ಒಟ್ಟಿಗೆ ಬರುತ್ತದೆ, ಕಳ್ಳ ತಪ್ಪಿಸಿಕೊಳ್ಳುತ್ತಾನೆ ಎಂದು ಅವನ ವಾದ. ತನ್ನ ಫೋನಿನಲ್ಲಿ ಒಂದೇ ಸ್ವರ ಹೊರಡಿಸುವ ಆ್ಯಪ್ ತೆರೆದು, 30 ಹರ್ಟ್ಸ್‌ನಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತ ಹೋದ.

ಅಲ್ಲಿ ನಡೆದದ್ದು ನೋಡುವ ಹಾಗಿತ್ತು. ತಗಡಿನ ಪ್ರತಿ ತುಂಡಿಗೂ ತನ್ನದೇ ಒಂದು ಸ್ವರ ಇರುತ್ತದೆ. ಆ ಸ್ವರ ಬಂದಾಗ ಮಾತ್ರ ಅದು ನಡುಗುತ್ತದೆ. 48ರ ಹತ್ತಿರ ಹಿಂದಿನ ಹಲಗೆ ಗುಡುಗಿತು. 62ರ ಹತ್ತಿರ ಹಲಗೆ ಸುಮ್ಮನಾಗಿ ನಂಬರ್ ಪ್ಲೇಟು ಕಿಟಿಕಿಟಿ ಅಂದಿತು. ಮತ್ತೂ ಏರಿಸಿದರೆ ಗಾಜಿನ ಹಿಂದಿನ ಮೂರನೆಯ ಬ್ರೇಕ್ ಲೈಟಿನ ಪ್ಲಾಸ್ಟಿಕ್ ಮುಚ್ಚಳ. ಸದ್ದು ಬಂದ ಕಡೆ ಅವನು ಕಿವಿ ಇಡುತ್ತಿರಲಿಲ್ಲ, ಅಂಗೈ ಇಡುತ್ತಿದ್ದ. ಒತ್ತಿದಾಗ ಸದ್ದು ನಿಂತರೆ ಅಲ್ಲೊಂದು ಸೀಮೆಸುಣ್ಣದ ಗೆರೆ. ತಗ್ಗು ಸ್ವರ ಯಾವ ದಿಕ್ಕಿನಿಂದ ಬರುತ್ತದೆಂದು ಕಿವಿಗೆ ತಿಳಿಯುವುದು ಕಷ್ಟ. 40 ಹರ್ಟ್ಸ್‌ನ ಒಂದು ಅಲೆಯೇ ಸುಮಾರು ಎಂಟೂವರೆ ಮೀಟರ್ ಉದ್ದ, ನಮ್ಮ ಕಾರಿಗಿಂತ ಉದ್ದ. ಹಾಗಾಗಿ ಕೈಯನ್ನು ನಂಬುವುದೇ ಸರಿ.

ಅರ್ಧ ಗಂಟೆಯಲ್ಲಿ ಆರು ಗೆರೆ ಬಿದ್ದವು. ನಂಬರ್ ಪ್ಲೇಟಿನ ಹಿಂದೆ ಎರಡು ತುಂಡು ಫೋಮ್. ಸ್ಟೆಪ್ನಿಯ ಪಕ್ಕ ಸಡಿಲವಾಗಿ ಬಿದ್ದಿದ್ದ ಜಾಕ್ ಮತ್ತು ಪಾನಾಗೆ ಹಳೆಯ ಬಟ್ಟೆ ಸುತ್ತಿ ಬಿಗಿ. ಡಿಕ್ಕಿಯ ಬಾಗಿಲನ್ನು ಎತ್ತಿ ಹಿಡಿಯುವ ಎರಡು ಉಕ್ಕಿನ ಸರಳುಗಳು ಹಲಗೆಯ ಅಡಿಯಲ್ಲಿ ಒಂದನ್ನೊಂದು ದಾಟಿ ಹೋಗುತ್ತವೆ. ಅವುಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಕ್ಲಿಪ್ ಮುರಿದು, ಸರಳಿಗೆ ಸರಳು ತಾಗುತ್ತಿತ್ತು. ಅದಕ್ಕೆ ಹೊಸ ಕ್ಲಿಪ್ಪು, ಮೇಲೆ ಮೆತ್ತನೆಯ ಬಟ್ಟೆಯ ಟೇಪು. ಹಲಗೆಯ ತಗಡಿಗೆ ಅಡಿಯಿಂದ ಬ್ಯುಟೈಲ್ ಶೀಟು. ಒಂದು ಕಡೆ ಅಲ್ಯುಮಿನಿಯಂ ಹಾಳೆ, ಇನ್ನೊಂದು ಕಡೆ ಡಾಂಬರಿನಂತೆ ಅಂಟುವ ರಬ್ಬರು. ಇಡೀ ತಗಡಿಗೆ ಹೊದಿಸಬೇಕಾಗಿಲ್ಲ, ನಡುವಿನ ಬಯಲಿಗೆ ಒಂದಷ್ಟು ತುಂಡು ಸಾಕು ಎಂದ. ಹೆಚ್ಚು ಮಾರಬಹುದಾಗಿದ್ದ ಕಡೆ ಕಡಿಮೆ ಮಾರಿದ.

ಕಂಬದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚುವ ಮೊದಲು ಅವನು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಹತ್ತು ನಿಮಿಷ ಚಹಾ ಕುಡಿದ. ಆ ಮುಚ್ಚಳದ ಹಿಂದೆ ಕೆಲವು ಗಾಡಿಗಳಲ್ಲಿ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ, ಅವಸರ ಬೇಡ ಎಂದ. ಓದುಗರು ಸ್ವತಃ ಕೈಹಾಕುವುದಾದರೆ ಈ ಚಹಾದ ಹೊತ್ತನ್ನು ಮರೆಯಬಾರದು.

ಎಲ್ಲ ಮುಗಿದ ಮೇಲೆ ಮತ್ತೆ 30ರಿಂದ 100. ತಗಡಿನ ಸದ್ದುಗಳೆಲ್ಲ ಸತ್ತಿದ್ದವು. ಆದರೆ 40ರ ಸುತ್ತ ಫರ್ರ್ ಎಂಬ ಒಂದು ಹರಿದ ಸದ್ದು ಉಳಿದೇ ಇತ್ತು. ಈ ಸಲ ಅವನ ಅಂಗೈ ಎಲ್ಲಿಟ್ಟರೂ ಅದು ನಿಲ್ಲಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಸ್ಪೀಕರನ್ನೇ ಹೊರತೆಗೆದು ತೋರಿಸಿದ. ಕೋನ್ ಚೆನ್ನಾಗಿತ್ತು. ಅದನ್ನು ಚೌಕಟ್ಟಿಗೆ ಹಿಡಿದಿಡುವ ಸುತ್ತಲಿನ ಫೋಮ್ ಪಟ್ಟಿ, ಇಲ್ಲಿಯವರು ಎಡ್ಜ್ ಅನ್ನುವುದು, ಬೆರಳು ತಾಗಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. ಹಿಂದಿನ ಗಾಜಿನಡಿ ಹತ್ತು ವರ್ಷದ ಬಿಸಿಲು, ಹತ್ತು ಮಳೆಗಾಲದ ತೇವ. ಫೋಮಿಗೆ ಅವೆರಡೂ ಶತ್ರುಗಳು.

"ಯೇ ಮೇರಾ ಕಾಮ್ ನಹೀಂ. ಲ್ಯಾಮಿಂಗ್ಟನ್ ಜಾವೋ" ಎಂದು ಸ್ಪೀಕರನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. ಎಲ್ಲ ಸೇರಿ ₹1,600 ತೆಗೆದುಕೊಂಡ.

ಅಪ್ಪಯ್ಯನ ಲ್ಯಾಮಿಂಗ್ಟನ್ ರೋಡು

ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತೇನೆ ಅಂದದ್ದೇ ತಡ, ಅಪ್ಪಯ್ಯ ಅಂಗಿ ಹಾಕಿಕೊಂಡು ನಿಂತರು. ಮುಲುಂಡಿನಿಂದ ದಾದರ್, ಅಲ್ಲಿ ಇಳಿದು ಪಶ್ಚಿಮದ ಲೈನಿಗೆ ಬದಲಾಯಿಸಿ ಗ್ರಾಂಟ್ ರೋಡ್. ದಾದರಿನ ಸೇತುವೆಯ ಮೇಲೆ ಜನದ ನಡುವೆ ಅವರನ್ನು ಹಿಡಿದುಕೊಳ್ಳಲು ಹೋದರೆ, ಅವರೇ ನನ್ನ ತೋಳು ಹಿಡಿದು ಎಳೆದುಕೊಂಡು ಹೋದರು.

ದಾಖಲೆಯಲ್ಲಿ ಈ ರಸ್ತೆಗೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಎಂದು ಹೆಸರು. ಬಾಯಲ್ಲಿ ಉಳಿದಿರುವುದು 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು. ರೇಡಿಯೊ ಬಿಡಿಭಾಗದ ಕಾಲದಿಂದ ಟಿ.ವಿ., ಟೇಪ್ ರೆಕಾರ್ಡರ್, ಕಂಪ್ಯೂಟರ್, ಈಗ ಸಿ.ಸಿ.ಟಿ.ವಿ. ಕ್ಯಾಮೆರಾದವರೆಗೆ ಬೀದಿ ತನ್ನ ಸರಕನ್ನು ಬದಲಾಯಿಸುತ್ತ ಬಂದಿದೆ. ಆದರೂ ಒಳಗಿನ ಓಣಿಗಳಲ್ಲಿ ಒಂದು ರೂಪಾಯಿಯ ರೆಸಿಸ್ಟರ್ ಎಣಿಸಿ ಕೊಡುವ ಅಂಗಡಿಗಳಿವೆ.

ಅಪ್ಪಯ್ಯನಿಗೆ ಇದು ಬೇರೆಯೇ ಬೀದಿ. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟು ಬಂದು ಅವರು ಕೆಲಸಕ್ಕೆ ನಿಂತದ್ದು ಗ್ರಾಂಟ್ ರೋಡಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ. ಹಗಲು ಟೇಬಲ್ ಒರೆಸುವುದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಮೆಟ್ರಿಕ್ ಮುಗಿಸಿದ್ದು ಹೀಗೆಯೇ. ಆ ಹೋಟೆಲ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರುಗಳ ಅಂಗಡಿ. ಅಲ್ಲಿ ನಿಂತು ಅವರು ಏನೂ ಹೇಳಲಿಲ್ಲ. ಮುಂದೆ ಮಿನರ್ವಾ ಚಿತ್ರಮಂದಿರ ಇದ್ದ ಕಡೆ ಮಾತ್ರ ಮಾತು ಬಂತು. 1975ರ ಆಗಸ್ಟ್ 15ರಂದು ಬಿಡುಗಡೆಯಾದ 'ಶೋಲೆ' ಇಲ್ಲಿ ಐದು ವರ್ಷ ಓಡಿತು. 70 ಎಂ.ಎಂ. ಪರದೆ, ಆರು ಟ್ರ್ಯಾಕಿನ ಸ್ಟೀರಿಯೊ ಶಬ್ದ. ಪರದೆಯ ಮೇಲೆ ನಾಣ್ಯ ಬಿದ್ದರೆ ಜನ ತಮ್ಮ ಕುರ್ಚಿಯ ಕೆಳಗೆ ಹುಡುಕುತ್ತಿದ್ದರಂತೆ. "ನಾನೂ ಬಗ್ಗಿ ಕಂಡಿದ್ದೆ" ಅಂದು ನಕ್ಕರು. ಚಿತ್ರಮಂದಿರ ಈಗ ಇಲ್ಲ.

ಸ್ಪೀಕರ್ ರಿಪೇರಿಯ ಚಾಚಾ ಕೂತಿದ್ದುದು ಓಣಿಯೊಂದರ ಮೆಟ್ಟಿಲಿನ ಅಡಿಯಲ್ಲಿ. ಸುತ್ತ ಬಾಯ್ತೆರೆದ ಸ್ಪೀಕರುಗಳು, ಗೋಂದಿನ ವಾಸನೆ. ಮೊದಲು ಹತ್ತೂ ಬೆರಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಟ್ಟರು. ಒಳಗಿನ ಕಾಯಿಲ್ ಉಜ್ಜಿದರೆ ಮರಳಿನಂತಹ ಸದ್ದು ಬರುತ್ತದೆ, ಬರಲಿಲ್ಲ. ಮೀಟರ್ ಹಚ್ಚಿದರು: 3.6 ಓಮ್. 4 ಓಮಿನ ಸ್ಪೀಕರಿಗೆ ಅಷ್ಟಿದ್ದರೆ ಕಾಯಿಲ್ ಆರೋಗ್ಯವಾಗಿದೆ ಎಂದರ್ಥ. "ದಿಲ್ ಠೀಕ್ ಹೈ, ಚಮಡಾ ಗಯಾ" ಅಂದರು. ಹೃದಯ ಸರಿಯಿದೆ, ಚರ್ಮ ಹೋಗಿದೆ.

ಚರ್ಮದ ಮಾತು ಅಪ್ಪಯ್ಯನಿಗೆ ಹೇಗೆ ಕೇಳಿಸಿತೋ, ಸ್ಟೂಲ್ ಎಳೆದುಕೊಂಡು ಹತ್ತಿರ ಕೂತರು.

ಚಾಚಾ ನಡುವಿನ ಗುಮ್ಮಟದಂತಹ ಮುಚ್ಚಳವನ್ನು ಬ್ಲೇಡಿನಿಂದ ಕೊರೆದು ತೆಗೆದರು. ಕಾಯಿಲ್ ಮತ್ತು ಅದರ ನಡುವಿನ ಕಬ್ಬಿಣದ ಸಂದಿಗೆ ಹಳೆಯ ಎಕ್ಸ್‌ರೇ ಫಿಲ್ಮಿನ ನಾಲ್ಕು ಪಟ್ಟಿ ತೂರಿಸಿದರು. ಗೋಂದು ಒಣಗುವ ತನಕ ಕಾಯಿಲ್ ಸರಿಯಾಗಿ ನಡುವೆ ನಿಲ್ಲಬೇಕಲ್ಲ, ಅದಕ್ಕೆ. ಕೂದಲೆಳೆಯಷ್ಟು ಓರೆಯಾದರೂ ಉಜ್ಜುತ್ತದೆ. ಯಾರದೋ ಎದೆಗೂಡಿನ ನೆರಳು ನಮ್ಮ ಸ್ಪೀಕರಿನೊಳಗೆ ಕಂಡಿತು. ಆಮೇಲೆ ಹಳೆಯ ಫೋಮನ್ನು, ಅದರ ಗೋಂದನ್ನು ತಾಳ್ಮೆಯಿಂದ ಕೆರೆದರು. ಹೊಸತಕ್ಕೆ ಎರಡು ಆಯ್ಕೆ: ಮತ್ತೆ ಫೋಮ್, ಅಥವಾ ರಬ್ಬರ್. ಫೋಮ್ ಹಗುರ, ಆದರೆ ಮುಂಬಯಿಯ ಹವೆಗೆ ಬೇಗ ಹೋಗುತ್ತದೆ. ರಬ್ಬರ್ ಬಾಳಿಕೆ, ಆದರೆ ತೂಕ ಜಾಸ್ತಿ. ಸದ್ದು ಒಂದು ಕೂದಲು ತಗ್ಗುತ್ತದೆ, ಸ್ವರ ತುಸು ಕೆಳಗಿಳಿಯುತ್ತದೆ.

ನಾನು ಇದನ್ನು ಕಿವಿಯ ಹತ್ತಿರ ಕನ್ನಡದಲ್ಲಿ ಹೇಳಿದಾಗ ಅಪ್ಪಯ್ಯ ಕೂಡಲೇ ಅಂದರು: "ರವೆ ಹಚ್ಚಿದ್ ಹಾಂಗೆ."

ಮೃದಂಗ ಬಲ್ಲವರಿಗೆ ಇದು ಗೊತ್ತು. ಬಾರಿಸುವ ಮೊದಲು ರವೆಯನ್ನು ನೀರಿನಲ್ಲಿ ಕಲಸಿ ಎಡಭಾಗದ ಚರ್ಮದ ನಡುವೆ ಹಚ್ಚುತ್ತಾರೆ. ತೂಕ ಏರಿದಷ್ಟು ಚರ್ಮ ನಿಧಾನವಾಗಿ ಕಂಪಿಸುತ್ತದೆ, ಸ್ವರ ಇಳಿದು ತುಂಬುನಾದ ಬರುತ್ತದೆ. ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಬಲಭಾಗದ ಕಪ್ಪು ಕರಣೆಯ ಹಿಂದಿನ ಶಾಸ್ತ್ರವನ್ನು ಸಿ.ವಿ. ರಾಮನ್ 1920ರಷ್ಟು ಹಿಂದೆಯೇ 'ನೇಚರ್' ಪತ್ರಿಕೆಯಲ್ಲಿ ಚರ್ಚಿಸಿದ್ದರು. ಸಿ.ಎಸ್.ಟಿ. ರಸ್ತೆಯ ಹುಡುಗ ತಗಡಿಗೆ ಅಂಟಿಸಿದ ಬ್ಯುಟೈಲಿನಲ್ಲೂ ಅರ್ಧ ಕೆಲಸ ತೂಕದ್ದೇ. ಉಳಿದರ್ಧ, ನಡುಕವನ್ನು ಹೀರಿಕೊಳ್ಳುವ ಅಂಟಿನದು.

ಅಪ್ಪಯ್ಯನ ಹರುಕು ಹಿಂದಿಯಲ್ಲಿ ರವೆಯ ವಿಷಯ ಚಾಚಾಗೆ ತಲುಪಿತು. ಅವರಿಗೆ ತಬಲಾದವರು ಪರಿಚಯ, ಮೃದಂಗ ಹೊಸತು. ಇಬ್ಬರಿಗೂ ಕಿವಿ ಮಂದ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ಕೇಳಿಸುತ್ತಿತ್ತು, ಆದರೆ ಇಬ್ಬರ ಬೆರಳೂ ಮೇಜಿನ ಮೇಲೆ ಆಡುತ್ತಿದ್ದವು. ಒಂದು ತಿಂಗಳಿನಲ್ಲಿ ಅಪ್ಪಯ್ಯ ಮನೆಯಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಒಂದು ಗಂಟೆಯಲ್ಲಿ ಆಡಿದರು. ನಾನು ರಬ್ಬರ್ ಆಗಲಿ ಎಂದೆ. ₹900. ಗೋಂದು ರಾತ್ರಿಯೆಲ್ಲ ಒಣಗಬೇಕು, ನಾಳೆ ಬನ್ನಿ.

ಗಣೇಶೋತ್ಸವದ ಮೊದಲು ತಮ್ಮಲ್ಲಿ ಸ್ಪೀಕರಿನ ಸಾಲು ನಿಲ್ಲುತ್ತಿತ್ತು, ಈಗ ಇಲ್ಲ ಎಂದರು ಚಾಚಾ. ಈಗಿನ ಬ್ಲೂಟೂತ್ ಡಬ್ಬಗಳಿಗೆ ಸ್ಕ್ರೂ ಇರುವುದಿಲ್ಲ, ಗೋಂದಿನಿಂದ ಮುಚ್ಚಿರುತ್ತಾರೆ, ತೆರೆದರೆ ಒಡೆಯುತ್ತದೆ. ಮಗ ಕ್ಯಾಮೆರಾ ಅಂಗಡಿಯಲ್ಲಿದ್ದಾನೆ. ಈ ಕೆಲಸ ಕಲಿಯಲು ಯಾರೂ ಬಂದಿಲ್ಲ. ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಎಕ್ಸ್‌ರೇ ಫಿಲ್ಮ್ ಸಿಗುವುದೂ ಕಷ್ಟವಾಗಿದೆ, ಆಸ್ಪತ್ರೆಯವರು ಎಲ್ಲ ಫೋನಿಗೇ ಕಳಿಸುತ್ತಾರೆ ಎಂದು ಸೇರಿಸಿದರು.

ಮರುದಿನ ಸ್ಪೀಕರ್ ತಂದು, ಅದರ ಚೌಕಟ್ಟು ಮತ್ತು ತಗಡಿನ ನಡುವೆ ಫೋಮಿನ ತೆಳು ಪಟ್ಟಿ ಇಟ್ಟು, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ. ಒಂದೇ ಕಡೆ ಪೂರ್ತಿ ಬಿಗಿದರೆ ಚೌಕಟ್ಟು ಸೊಟ್ಟಗಾಗುತ್ತದೆ. ತಂತಿಯನ್ನು ಕೋನಿಗೆ ತಾಗದಂತೆ ಕಟ್ಟಿದೆ. 40, 48, 62, ಎಲ್ಲೂ ಸದ್ದಿಲ್ಲ.

ಆ ಭಾನುವಾರ ಪನ್ವೇಲಿನ ಸಂಬಂಧಿಕರ ಮನೆಗೆ ಹೋಗುವಾಗ ಕಚೇರಿ ಹಾಕಿದೆ. ತನಿ ಆವರ್ತನ ಬಂದಾಗ ಕನ್ನಡಿಯಲ್ಲಿ ನೋಡಿದರೆ ಅಪ್ಪಯ್ಯ ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ರವೆ ಒಂಚೂರ್ ಜಾಸ್ತಿ ಆಯ್ತ್" ಅಂದರು. ರಬ್ಬರಿನ ತೂಕ ಅವರಿಗೆ ಗೊತ್ತಾಗಿತ್ತು. ನನಗೆ ಈವರೆಗೂ ಗೊತ್ತಾಗಿಲ್ಲ.

ಹೋಗುವವರಿಗೆ

ನಿಮ್ಮ ಗಾಡಿಯಲ್ಲೂ ಇಂತಹ ಸದ್ದಿದ್ದರೆ ಹೊಸ ಸ್ಪೀಕರಿಗೆ ದುಡ್ಡು ಕೊಡುವ ಮೊದಲು ಕ್ರಮವಾಗಿ ನೋಡಿ. ಮೊದಲು ಡಿಕ್ಕಿ ಖಾಲಿ ಮಾಡಿ, ಜಾಕ್, ಪಾನಾ, ಸ್ಟೆಪ್ನಿ ಬಿಗಿಯಿವೆಯೇ ನೋಡಿ. ಆಮೇಲೆ ನಂಬರ್ ಪ್ಲೇಟು, ಬ್ರೇಕ್ ಲೈಟಿನ ಮುಚ್ಚಳ, ಡಿಕ್ಕಿಯ ಸರಳು. ಒಂದೇ ಸ್ವರ ಹಾಕಿ, ಒಬ್ಬರು ಏರಿಸುತ್ತಿರಲಿ, ಇನ್ನೊಬ್ಬರು ಅಂಗೈ ಇಟ್ಟು ಹುಡುಕಲಿ. ಸದ್ದು ಸಣ್ಣದಾಗಿರಲಿ, ತಗ್ಗು ಸ್ವರವನ್ನು ಜೋರಾಗಿ ಬಹಳ ಹೊತ್ತು ಹಾಕಿದರೆ ಕಾಯಿಲ್ ಸುಡುತ್ತದೆ. ಕೊನೆಗೆ ಸ್ಪೀಕರಿನ ಅಂಚು. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಮೊದಲು ಕಂಪನಿಯವರನ್ನು ಕೇಳಿ.

ಲ್ಯಾಮಿಂಗ್ಟನ್ ರೋಡಿನ ಹೆಚ್ಚಿನ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ. ವಾರದ ದಿನ, ಹನ್ನೊಂದರ ಮೇಲೆ ಹೋಗಿ. ಸಿ.ಎಸ್.ಟಿ. ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಬೇಕಾದರೆ ಬೆಳಿಗ್ಗೆಯೇ ಒಳ್ಳೆಯದು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ದಾರಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.